ಗಿರಾಕಿಗಳ ಸೋಫಾ

ಸೋಫಾದಣ್ಣ ಸತ್ತದ್ದು ಅಂಗಡಿಯಲ್ಲಿ, ನಡುಹಗಲಲ್ಲಿ, ಎದೆನೋವು ಬಂದು. ಬಾಯಲ್ಲಿ ಮೊಳೆಗಳಿದ್ದವು. ಸೋಫಾ ರಿಪೇರಿ ಮಾಡುವವರು ಮೊಳೆಗಳನ್ನು ತುಟಿಯಲ್ಲಿ ಕಚ್ಚಿಕೊಂಡು ಒಂದೊಂದಾಗಿ ತೆಗೆದು ಹೊಡೆಯುತ್ತಾರೆ. ಅವನ್ನು ಬಾಯಿಂದ ತೆಗೆದದ್ದು ಹೆಂಡತಿ. ಸಾವಿನ ಬಗ್ಗೆ ಇಷ್ಟೇ. ಬದುಕಿನ ಬಗ್ಗೆ ಹೇಳುವುದೂ ಹೆಚ್ಚೇನಿಲ್ಲ. ಆದರೆ ಓಣಿಯವರು ಒಂದು ಸಂಗತಿಯನ್ನು ತಮಗೆ ಬೇಕಾದ ಹಾಗೆ ತಿರುಚಿ ಹೇಳುತ್ತಾರೆ. ಸ್ಕೂಲಿಗೆ ಬರುತ್ತಿದ್ದ ಬಡಮಕ್ಕಳ ಹಣ ನಿಂತುಹೋದದ್ದು ಸೋಫಾದಣ್ಣನಿಂದ ಎನ್ನುತ್ತಾರೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಅವನ ಅಂಗಡಿ ಓಣಿಯ ಬಾಯಲ್ಲೇ ಇತ್ತು. ಅಂಗಡಿ ಎಂದರೆ ಉದ್ದನೆಯ ಒಂದು ಶೆಡ್ಡು. ಮುಂದೆ ಶಟರ್, ಹಿಂದೆ ಕಿಟಕಿಯಿಲ್ಲದ ಗೋಡೆ. ಊರಿನ ಆ ಕಡೆಯ ದೊಡ್ಡ ಮನೆಗಳಿಂದ ಸೋಫಾಗಳು ಬರುತ್ತಿದ್ದವು. ಹೊಟ್ಟೆ ಒಡೆದು ಸ್ಪಂಜು ಹೊರಬಂದವು, ಬೆಕ್ಕು ಪರಚಿದವು, ಕಾಲು ಮುರಿದವು. ಅವನು ಹಳೆ ಬಟ್ಟೆ ಬಿಚ್ಚಿ, ಪಟ್ಟಿ ಬಿಗಿದು, ಸ್ಪ್ರಿಂಗ್ ಕಟ್ಟಿ, ಹೊಸ ರೆಕ್ಸಿನ್ ಎಳೆದು ಹೊಡೆಯುತ್ತಿದ್ದ. ಕುಸಿದ ಜಾಗ ನೋಡಿ ಆ ಮನೆಯ ಯಜಮಾನ ಎಲ್ಲಿ ಕೂರುತ್ತಾನೆ ಎಂದು ಹೇಳಿಬಿಡುತ್ತಿದ್ದ. ಒಮ್ಮೆ ಹೆಂಡತಿಯನ್ನು ಕರೆದು ತೋರಿಸಿದ. “ಈ ಮನೇಲಿ ಗಂಡ ಹೆಂಡ್ತಿ ಮಾತು ಬಿಟ್ಟಿದ್ದಾರೆ ಕಣೆ. ನೋಡು, ಎರಡು ತುದಿ ಕುಸಿದಿದೆ, ನಡುವೆ ಹೊಸದು ಹೊಸದಾಗೇ ಇದೆ.”

ಅವನ ಸ್ವಂತ ಮನೆಯಲ್ಲಿ ಸೋಫಾ ಇರಲಿಲ್ಲ. ಒಂದು ಕೋಣೆ, ಒಂದು ಚಾಪೆ, ಒಂದು ತಗಡಿನ ಪೆಟ್ಟಿಗೆ, ಬೆನ್ನಿಲ್ಲದ ಒಂದು ಕುರ್ಚಿ. ಊರಿಗೆಲ್ಲ ಮೆತ್ತಗೆ ಮಾಡಿಕೊಡುತ್ತಾನೆ, ನಿನಗೆ ಮಾತ್ರ ನೆಲ ತೋರಿಸಿದ ಎಂದು ಓಣಿಯ ಹೆಂಗಸರು ಅವನ ಹೆಂಡತಿಯನ್ನು ಕೆಣಕುತ್ತಿದ್ದರು. ನೆಲ ಕುಸಿಯುವುದಿಲ್ಲ, ಅದಕ್ಕೆ ರಿಪೇರಿಯೂ ಬೇಡ ಎಂದು ಅವಳು ಅಷ್ಟಕ್ಕೇ ಬಾಯಿ ಮುಚ್ಚಿಸುತ್ತಿದ್ದಳು.

ಅವರಿಗೆ ಒಬ್ಬಳೇ ಮಗಳು. ಮದುವೆಯಾಗಿ ಬಹಳ ವರ್ಷಕ್ಕೆ ಹುಟ್ಟಿದವಳು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಅರಳು ಹುರಿದ ಹಾಗೆ. ಅಕ್ಷರ ಮಾತ್ರ ಅವಳ ಕಣ್ಣಿಗೆ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ಗುರುತಿಸಿದ ಅಕ್ಷರ ಸಂಜೆಗೆ ಗುರುತಿಲ್ಲದವರ ಮುಖದ ಹಾಗೆ ಕಾಣುತ್ತಿತ್ತು. ಸ್ಕೂಲಿನಲ್ಲಿ ಒಂದೊಂದು ಕೋಣೆಗೆ ಎರಡು ತರಗತಿಯ ಮಕ್ಕಳನ್ನು ತುಂಬಿದ್ದರು. ಒಬ್ಬ ಟೀಚರ್ ಯಾರನ್ನೆಂದು ನೋಡಬೇಕು. ಹುಡುಗಿಯನ್ನು ಹಿಂದಿನ ಬೆಂಚಿಗೆ ಕಳಿಸಿದರು. ಅಲ್ಲಿ ಅವಳಂಥವರೇ ಸಾಲಾಗಿ ಕೂತಿದ್ದರು.

ಆಮೇಲೆ ಓದಿನಕ್ಕ ಬಂದಳು. ಮಕ್ಕಳು ಇಟ್ಟ ಹೆಸರು ಅದು. ತೆಳ್ಳಗಿನ ಹೆಂಗಸು, ಸದಾ ಕೆಮ್ಮು. ಪೊರಕೆ, ಬಕೆಟ್ಟು ಇಡುತ್ತಿದ್ದ ಕೋಣೆಯನ್ನು ಗುಡಿಸಿ ಒಂದು ಮೇಜು ಹಾಕಿಕೊಂಡಳು. ಹಿಂದಿನ ಬೆಂಚಿನವರನ್ನು ನಾಲ್ಕಾರು ಜನರಂತೆ ಕರೆದು, ಅಕ್ಷರದ ಕೆಳಗೆ ಬೆರಳಿಟ್ಟು ಓದಿಸುವುದೇ ಅವಳ ಕೆಲಸ. ಬೈಯುತ್ತಿರಲಿಲ್ಲ. ಮಗು ತಪ್ಪಿದರೆ ಬೆರಳನ್ನು ಮತ್ತೆ ಮೊದಲಿಗೆ ತರುತ್ತಿದ್ದಳು, ಅಷ್ಟೇ.

ಒಂದು ಸಂಜೆ ಅಪ್ಪನ ಜೊತೆ ಬರುತ್ತಿದ್ದ ಹುಡುಗಿ ಅಂಗಡಿಯ ಎದುರಿನ ಗೋಡೆಯ ಮುಂದೆ ನಿಂತಳು. ಬೆರಳನ್ನು ಗಾಳಿಯಲ್ಲಿ ಸರಿಸುತ್ತ, ತಡೆದು ತಡೆದು, “ಇಲ್ಲಿ... ಉಗುಳ... ಬೇಡಿ” ಎಂದು ಓದಿದಳು. ಓದಿ ಅಪ್ಪನ ಮುಖ ನೋಡಿದಳು. ಸ್ಪಂಜಿನ ಧೂಳು ಗಂಟಲಿಗೆ ಹೋದಾಗಲೆಲ್ಲ ಅವನು ವರ್ಷಗಟ್ಟಲೆ ಉಗುಳಿದ್ದು ಅದೇ ಗೋಡೆಗೆ. ಅವನಿಗೆ ಓದು ಬರುತ್ತಿರಲಿಲ್ಲ. ಅಂದಿನಿಂದ ಅವನು ಅಲ್ಲಿ ಉಗುಳಲಿಲ್ಲ. ಅಂಗಡಿಗೆ ಬಂದ ಪ್ರತಿ ಗಿರಾಕಿಗೂ ಆ ಗೋಡೆ ತೋರಿಸಿ, ನನ್ನ ಮಗಳು ಓದಿದ್ದು ಎಂದು ಹೇಳಿಕೊಂಡ. ದೊಡ್ಡ ಮನೆಯವರು ನಕ್ಕರು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

ಓದಿನಕ್ಕನ ಸಂಬಳ ಎಲ್ಲಿಂದ ಬರುತ್ತಿತ್ತು ಎನ್ನುವುದನ್ನು ಇಲ್ಲಿ ಹೇಳಬೇಕು. ಸರ್ಕಾರ ಎಲ್ಲ ಸ್ಕೂಲಿಗೂ ತಲೆಗೆ ಇಷ್ಟು ಎಂದು ಹಣ ಕೊಡುತ್ತದೆ. ಗೋಡೆ, ಬೆಂಚು, ಟೀಚರು, ಎಲ್ಲ ಅದರಲ್ಲೇ. ಬಡವರ ಮಕ್ಕಳು ಇರುವ ಕಡೆ ಅದರ ಮೇಲೆ ಇನ್ನಷ್ಟು ಕೊಡುತ್ತದೆ. ಅಂಥ ಮಕ್ಕಳಿಗೆ ಹೆಚ್ಚು ಕೈಹಿಡಿದು ಕಲಿಸಬೇಕು, ಮನೆಯಲ್ಲಿ ಹೇಳಿಕೊಡುವವರು ಇರುವುದಿಲ್ಲ ಎನ್ನುವುದು ಲೆಕ್ಕ. ಆ ಹೆಚ್ಚಿನ ಹಣದಲ್ಲೇ ಓದಿನಕ್ಕ ಬಂದದ್ದು. ಬಡವರು ಯಾರು ಎಂದು ತಿಳಿಯಲು ಮೊದಲು ವರಮಾನದ ಕಾಗದ ಕೇಳುತ್ತಿದ್ದರು. ಕಾರಿದ್ದವರೂ ಕಾಗದ ಮಾಡಿಸಿ ತಂದರು. ಅದಕ್ಕೆ ಸರ್ಕಾರ ರೀತಿ ಬದಲಿಸಿತು. ಈಗ ಮನೆಗೇ ಬಂದು ನೋಡುತ್ತಾರೆ. ಎಲ್ಲ ಮನೆಯನ್ನೂ ನೋಡುವುದಿಲ್ಲ. ಓಣಿಯಲ್ಲಿ ಚೀಟಿ ಎತ್ತಿದಂತೆ ಕೆಲವು ಮನೆ ಆರಿಸುತ್ತಾರೆ. ಯಾವ ಮನೆ ಎಂದು ಮುಂಚೆ ಹೇಳುವುದಿಲ್ಲ. ಸೂರು ಎಂಥದು, ನಲ್ಲಿ ಎಲ್ಲಿದೆ, ಒಳಗೆ ಏನೇನು ಸಾಮಾನಿದೆ ಎಂದು ಗುರುತು ಹಾಕುತ್ತಾರೆ. ಆ ಮನೆಗಳು ಹೇಗೋ ಇಡೀ ಓಣಿ ಹಾಗೆ, ಓಣಿ ಹೇಗೋ ಅಲ್ಲಿನ ಮಕ್ಕಳೆಲ್ಲ ಹಾಗೆ. ಆ ಸ್ಕೂಲಿನ ಮುಕ್ಕಾಲು ಮಕ್ಕಳು ಈ ಓಣಿಯವರು.

ಸ್ಕೂಲಿನ ಮುಖ್ಯಸ್ಥೆಯನ್ನು ಎಲ್ಲರೂ ದೊಡ್ಡ ಟೀಚರ್ ಎನ್ನುತ್ತಿದ್ದರು. ಅವರು ತಂದೆ ತಾಯಂದಿರನ್ನು ಕರೆಸಿದರು. ಮನೆ ನೋಡಲು ಬರುವ ದಿನ ತಿಳಿಸಿದರು. ಇದರ ಮೇಲೆಯೇ ಸ್ಕೂಲಿನ ಹಣ ನಿಂತಿದೆ, ಓದಿನಕ್ಕ ಇರುವುದೂ ಬಿಡುವುದೂ ಇದರ ಮೇಲೆ ಎಂದರು. ಕೊನೆಗೆ, “ನೀವು ಇದ್ದ ಹಾಗೆ ಇರಿ” ಎಂದರು.

ಇದ್ದ ಹಾಗೆ ಎಂದರೆ ಹೇಗೆ ಎಂದು ಯಾರೋ ಕೇಳಿದರು.

“ಇದ್ದ ಹಾಗೆ ಅಂದ್ರೆ ಇದ್ದ ಹಾಗೆ. ಅದಕ್ಕಿಂತ ಹೆಚ್ಚು ನಾನು ಹೇಳೋ ಹಾಗಿಲ್ಲ.”

ಹೇಳಿಕೊಡಬಾರದು ಎಂದು ಅವರಿಗೆ ಮೇಲಿನಿಂದ ಆರ್ಡರ್ ಬಂದಿತ್ತು. ಅದು ಆಮೇಲೆ ತಿಳಿದದ್ದು. ಅವತ್ತು ಜನ ಹೊರಗೆ ಬಂದು ತಲೆಗೊಂದು ಮಾತಾಡಿದರು.

ಓಣಿಗೆ ಫೈಲು ಹಿಡಿದುಕೊಂಡವರು ಬರುವುದು ಹೊಸದಲ್ಲ. ಹಿಂದೊಮ್ಮೆ ಆರೋಗ್ಯದವರು ಎಂದು ಬಂದವರು ಕೊಳಕು ಮನೆಗಳ ಬಾಗಿಲಿಗೆ ಸುಣ್ಣದಲ್ಲಿ ಗುರುತು ಹಾಕಿ ಹೋಗಿದ್ದರು. ಗುರುತು ಬಿದ್ದ ಮನೆಯವರು ಗಂಟುಮೂಟೆ ಕಟ್ಟಬೇಕಾಯಿತು. ಓಣಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವ ಅಜ್ಜಿಯ ತಂಗಿಯೂ ಹಾಗೆ ಹೋದವಳು, ಎಲ್ಲಿದ್ದಾಳೋ ಗೊತ್ತಿಲ್ಲ. ಹೀಗಾಗಿ ಫೈಲು ಬರುತ್ತದೆ ಎಂದರೆ ಓಣಿ ಕೈಗೆ ತೆಗೆದುಕೊಳ್ಳುವುದು ಪೊರಕೆಯನ್ನು. ಈ ಸಲವೂ ಹಾಗೇ ಆಯಿತು. ಚರಂಡಿ ತೊಳೆದರು. ಬಾಗಿಲಿಗೆ ಬಣ್ಣ ಬಳಿದರು. ಮಕ್ಕಳ ತಲೆ ಬಾಚಿ ಬಾಚಿ ಅಳಿಸಿದರು.

ಹಿಂದಿನ ದಿನ ಇಸ್ತ್ರಿ ಅಜ್ಜಿ ಅಂಗಡಿಗೆ ಬಂದಳು. ಗಂಡಸರ ಅಂಗಿಗೆ ಇಸ್ತ್ರಿ ಹಾಕಿ ಹಾಕಿ ಬೆನ್ನು ಬಾಗಿತ್ತು. ನಾಲಿಗೆ ನೆಟ್ಟಗಿತ್ತು.

“ಅಷ್ಟು ದೊಡ್ಡ ಆಫೀಸರು ಬಂದು ನಮ್ಮನೆ ನೆಲದ ಮೇಲೆ ಕೂರಬೇಕೇನಪ್ಪ? ಹೋಗಿ ಏನಂತ ಬರೀತಾನೆ? ಇವರಿಗೆ ಮಕ್ಕಳನ್ನ ಸಾಕೋ ಯೋಗ್ಯತೆ ಇಲ್ಲ ಅಂತ ಬರೀತಾನೆ. ಒಂದು ದಿನಕ್ಕೆ ಒಂದು ಸೋಫಾ ಕೊಡು. ನಾವ್ಯಾರೂ ಕೂರಲ್ಲ, ಅವನೊಬ್ಬನೇ ಕೂರ್ತಾನೆ.”

ಗಿರಾಕಿಗಳದ್ದು, ಆಗುವುದಿಲ್ಲ ಎಂದ. ಅವಳು ಅಲ್ಲಿಂದ ಕದಲಲಿಲ್ಲ. ತಂಗಿಯ ಬಾಗಿಲಿಗೆ ಬಿದ್ದ ಸುಣ್ಣದ ಗುರುತಿನ ಮಾತೆತ್ತಿದಳು. ಅವನು ಒಂದು ಸಣ್ಣ ಸೋಫಾ ಕೊಟ್ಟ. ಅದು ಓಣಿಯಲ್ಲಿ ಹಾದುಹೋಗುವುದನ್ನು ಎಲ್ಲರೂ ನೋಡಿದರು. ಆಮೇಲೆ ಕೇಳಬೇಕೇ. ಕತ್ತಲಾಗುವ ಮುಂಚೆ ಅಂಗಡಿಯ ಮುಂದೆ ಸಾಲು ನಿಂತಿತ್ತು. ಒಬ್ಬಳಿಗೆ ಕೊಟ್ಟು ಇನ್ನೊಬ್ಬಳಿಗೆ ಇಲ್ಲ ಎನ್ನುವ ಜಾತಿಯವನಲ್ಲ ಅವನು.

ಹೆಂಡತಿ ತಡೆದಳು. “ರೀ, ದೊಡ್ಡ ಟೀಚರ್ ಇದ್ದ ಹಾಗೆ ಇರಿ ಅಂದ್ರಲ್ಲ.”

“ಇದ್ದ ಹಾಗೆ ಅಂದ್ರೆ ಮರ್ಯಾದೆಯಾಗಿ ಇರಿ ಅಂತ ಕಣೆ.”

“ಬಡವರಿಗೆ ಕೊಡೋ ಹಣ ಅಂತಾರೆ. ನೀವು ನೋಡಿದ್ರೆ...”

ಅವನು ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ. “ನನ್ನ ಹತ್ರ ಸೋಫಾ ಬಂದ್ರೆ ಗಿರಾಕಿ ಮೊದಲು ಏನು ಕೇಳ್ತಾನೆ? ಚೌಕಟ್ಟು ಗಟ್ಟಿ ಇದೆಯಾ ಅಂತ. ಗಟ್ಟಿ ಇದ್ರೆ ಖರ್ಚು ಮಾಡ್ತಾನೆ. ಮರ ಕೊಳೆತಿದ್ರೆ ಬೀದಿಗೆ ಎಸೆದು ಹೋಗ್ತಾನೆ. ಸರ್ಕಾರವೂ ಅಷ್ಟೇ. ಈ ಮನೆ ನೆಟ್ಟಗಿದೆ, ಈ ಮಗು ಮೇಲೆ ಹಾಕಿದ್ದು ದಂಡ ಆಗಲ್ಲ ಅಂತ ಕಾಣಬೇಕು.”

ಮೂವತ್ತು ವರ್ಷ ಅವನು ಕಂಡದ್ದು ಅದನ್ನೇ. ಗಟ್ಟಿಯಾದದ್ದರ ಮೇಲೆ ಜನ ಹಣ ಹಾಕುತ್ತಾರೆ. ಹಾಳಾದದ್ದರ ಮೇಲೆ ಯಾರೂ ಹಾಕಿದ್ದನ್ನು ಅವನು ಕಂಡಿರಲಿಲ್ಲ.

ಮರುದಿನ ಬೆಳಿಗ್ಗೆ ಓಣಿಯೆಲ್ಲ ಸೋಫಾಗಳ ಮೆರವಣಿಗೆ. ತಳ್ಳುಗಾಡಿಯಲ್ಲಿ ಹೇರಿ ಮನೆಮನೆಗೆ ಅವನೇ ಇಳಿಸಿದ. ಬಾಗಿಲ ಅಗಲ ನೋಡಿ ಇದು ನಿಮಗೆ, ಅದು ಅವರಿಗೆ ಎಂದು ಹಂಚಿದ. ಒಂದು ಮನೆಯಲ್ಲಿ ಮೂರು ಸೀಟಿನದು ಬಾಗಿಲಲ್ಲೇ ಸಿಕ್ಕಿಕೊಂಡಿತು. ಒಳಗಿದ್ದ ಅತ್ತೆ ಹೊರಗೆ ಬರಲಾಗದೆ ಕೂಗಾಡಿದಳು. ಹೊರಗಿದ್ದ ಸೊಸೆ, ಅವಸರ ಇಲ್ಲ ಅಣ್ಣ, ಸಂಜೆವರೆಗೂ ಹಾಗೇ ಇರಲಿ ಎಂದಳು. ಓಣಿ ನಕ್ಕಿತು. ಅಷ್ಟು ನಕ್ಕದ್ದು ಅದೇ ಕೊನೆ. ತನ್ನ ಮನೆಗೆ ಅವನು ಕೆಂಪು ಮಖಮಲ್ಲಿನದನ್ನು ಇಟ್ಟುಕೊಂಡ. ಅದು ಒಬ್ಬ ಡಾಕ್ಟರ ಮನೆಯದು. ಅದನ್ನು ಇಟ್ಟ ಮೇಲೆ ಕೋಣೆಯಲ್ಲಿ ನಿಲ್ಲಲು ಜಾಗ ಇರಲಿಲ್ಲ. ಹೆಂಡತಿ ಒಲೆಯ ಹತ್ತಿರ ಗೋಡೆಗೆ ಒರಗಿದಳು.

ಆರಿಸಿದ ಮನೆಗಳಲ್ಲಿ ಸೋಫಾದಣ್ಣನದೂ ಇತ್ತು. ನೋಡಲು ಬಂದವನು ಎಳೆ ವಯಸ್ಸಿನವನು. ಬಿಸಿಲಿಗೆ ಬಾಡಿದ್ದ. ಸೋಫಾದಲ್ಲಿ ಕೂತು, ಹಿಂದಕ್ಕೆ ಒರಗಿ, ಒಂದು ಗಳಿಗೆ ಕಣ್ಣು ಮುಚ್ಚಿದ. ಕೆಟ್ಟವನಲ್ಲ. ಚಪ್ಪಲಿಯನ್ನು ಹೊರಗೇ ಬಿಟ್ಟು ಬಂದಿದ್ದ.

“ಸೋಫಾ ಚೆನ್ನಾಗಿದೆ.”

“ಒಳಗೆ ಹೊಸ ಸ್ಪ್ರಿಂಗು ಸಾರ್.”

“ನಿಮ್ಮದೇ ತಾನೇ?”

ಸೋಫಾದಣ್ಣ ಜೀವನದಲ್ಲಿ ಸುಳ್ಳು ಹೇಳಿದ್ದು ಕಡಿಮೆ. “ಹೌದು ಸಾರ್” ಎಂದ. ಮಗಳು ಬಾಯಿ ತೆರೆದಳು. ತಾಯಿ ಹಿಂದಿನಿಂದ ಅವಳ ರಟ್ಟೆ ಹಿಡಿದಳು.

ಬಂದವನು ಗುರುತು ಹಾಕಿಕೊಂಡ. ಹೋಗುವಾಗ ಹುಡುಗಿ ಅವನ ಚೀಲದ ಮೇಲಿದ್ದ ಅಕ್ಷರಗಳನ್ನು ಬೆರಳು ಸರಿಸಿ ಓದಿದಳು. ಪರವಾಗಿಲ್ಲ, ಚೆನ್ನಾಗಿ ಓದ್ತಾಳೆ ಎಂದು ಅವನು ಅವಳ ತಲೆ ಸವರಿದ. ಆ ಮಾತಿಗೆ ಅಪ್ಪ ಉಬ್ಬಿಹೋದ. ಸಂಜೆ ಸೋಫಾಗಳನ್ನು ವಾಪಸು ಹೊತ್ತು ತರುವಾಗ ಸೊಂಟ ಉಳುಕಿತು. ಅದೂ ಅವನಿಗೆ ಗೊತ್ತಾಗಲಿಲ್ಲ.

ಮಳೆಗಾಲದ ಹೊತ್ತಿಗೆ ಸುದ್ದಿ ಬಂತು. ಓಣಿ ಅನುಕೂಲಸ್ಥರದು ಎಂದು ಬರೆದಿದ್ದರು. ಸ್ಕೂಲಿಗೆ ಬರುತ್ತಿದ್ದ ಹೆಚ್ಚಿನ ಹಣ ನಿಂತಿತು. ಅದು ಬೇರೆ ಕಡೆಯ ಸ್ಕೂಲಿಗೆ ಹೋಯಿತಂತೆ. ಅಲ್ಲಿಯವರು ಬುದ್ಧಿವಂತರಿರಬೇಕು. ಅಥವಾ ಅಲ್ಲಿ ಸೋಫಾ ಅಂಗಡಿ ಇರಲಿಲ್ಲ.

ದೊಡ್ಡ ಟೀಚರ್ ಅವನನ್ನು ಕರೆಸಿದರು. ಸೋಫಾ ಕೊಟ್ಟದ್ದು ನೀವಾ ಎಂದು ಕೇಳಿದರು. ಹೌದು ಎಂದ. ಅವರು ಬೈಯಲಿಲ್ಲ. ನಾನು ಇದ್ದ ಹಾಗೆ ಇರಿ ಅಂದಿದ್ದೆ ಎಂದಷ್ಟೇ ಹೇಳಿ ಬೇರೆ ಕೆಲಸ ನೋಡತೊಡಗಿದರು. ಅವರು ಅಲ್ಲಿಗೆ ಕೈ ತೊಳೆದುಕೊಂಡರು. ಅವರಿಗೂ ಬೇರೆ ದಾರಿ ಇತ್ತೋ ಇಲ್ಲವೋ. ಒಂದು ಮಾತು ಬಿಡಿಸಿ ಹೇಳಿದ್ದರೆ ಏನಾಗುತ್ತಿತ್ತು ಎಂದು ಸೋಫಾದಣ್ಣನ ಹೆಂಡತಿ ಇವತ್ತಿಗೂ ಕೇಳುತ್ತಾಳೆ.

ಅವನು ಅಂಗಡಿ ಮುಚ್ಚಿ ಸರ್ಕಾರಿ ಆಫೀಸಿಗೆ ಹೋದ. ಕಿಟಕಿಯಿಂದ ಕಿಟಕಿಗೆ ಕಳಿಸಿದರು. ಕೊನೆಗೆ ಕನ್ನಡಕದ ಗುಮಾಸ್ತನೊಬ್ಬ ಪೂರ್ತಿ ಕೇಳಿದ. ಕೇಳುವಾಗ ಅವನಿಗೆ ನಗು ತಡೆಯಲಾಗಲಿಲ್ಲ. ನಕ್ಕಿದ್ದಕ್ಕೆ ಕ್ಷಮಿಸಿ ಎಂದ.

“ಸೋಫಾ ನಮ್ಮದಲ್ಲ, ಸುಳ್ಳು ತೋರಿಸಿದ್ವಿ ಅಂತ ಬರೆದುಕೊಡ್ತೀರಾ ಯಜಮಾನ್ರೇ?”

“ಕೊಡ್ತೀನಿ.”

“ನೀವೊಬ್ರು ಕೊಟ್ರೆ ಓಣಿ ಬದಲಾಗಲ್ಲ. ನೋಡಿದ ಮನೆಯವರೆಲ್ಲ ಕೊಡಬೇಕು. ಕೊಟ್ರೆ ಅವರೆಲ್ಲ ಸರ್ಕಾರಕ್ಕೆ ಸುಳ್ಳು ಹೇಳಿದವರಾಗ್ತಾರೆ. ಪುಕ್ಕಟೆ ಔಷಧಿ ಕಾರ್ಡಿರೋರಿಗೆ ಅದೂ ಹೋಗುತ್ತೆ. ಯೋಚನೆ ಮಾಡಿ.”

ಮತ್ತೆ ಯಾವಾಗ ನೋಡುತ್ತಾರೆ ಎಂದು ಕೇಳಿದ. ಐದು ವರ್ಷಕ್ಕೊಮ್ಮೆ ಎಂದ ಗುಮಾಸ್ತ. ಅಷ್ಟರಲ್ಲಿ ಮಗಳು ಆ ಸ್ಕೂಲು ಬಿಟ್ಟಿರುತ್ತಾಳೆ. ಅವನು ಬೆರಳು ಮಡಿಸಿ ಲೆಕ್ಕ ಹಾಕಿ, ಕೈಯನ್ನು ಜೇಬಿಗೆ ಹಾಕಿಕೊಂಡ.

ಓಣಿಗೆ ಬಂದು, ಸರ್ಕಾರದವರು ನೋಡಿದ್ದ ಮನೆಗಳಿಗೆಲ್ಲ ಹೋಗಿ, ಬರೆದುಕೊಡಿ ಎಂದು ಕೇಳಿದ. ಒಬ್ಬರೂ ಒಪ್ಪಲಿಲ್ಲ. ಹಾಗೆಂದು ಅವರನ್ನು ಬೈದು ಪ್ರಯೋಜನವಿಲ್ಲ. ಇಸ್ತ್ರಿ ಅಜ್ಜಿಗೆ ದಿನಾ ಮೂರು ಮಾತ್ರೆ, ಆ ಕಾರ್ಡಿನ ಮೇಲೆಯೇ ಬರುವುದು. ಅವಳು ಇಸ್ತ್ರಿಪೆಟ್ಟಿಗೆ ಕೆಳಗಿಡದೆಯೇ ಉತ್ತರ ಕೊಟ್ಟಳು.

“ನಾನು ಕಳ್ಳಿ ಅಂತ ನಾನೇ ಹೆಬ್ಬೆಟ್ಟು ಒತ್ತಬೇಕಾ? ನನ್ನ ಮೊಮ್ಮಕ್ಕಳು ಚೆನ್ನಾಗೇ ಓದ್ತಾರೆ ಕಣಪ್ಪ. ನಿನ್ನ ಮಗಳು ದಡ್ಡಿ ಆದ್ರೆ ನಾವೇನು ಮಾಡೋಣ.”

ಸೋಫಾ ಕೇಳಲು ಮೊದಲು ಬಂದವಳು ಅವಳೇ. ಅವನು ಅದನ್ನು ಎತ್ತಿ ಆಡಲಿಲ್ಲ. ಆ ವಾರದಿಂದಲೇ ಓಣಿಯಲ್ಲಿ ಮಾತು ತಿರುಗಿತು. ಕೇಳಿದವರು ಯಾರು ಎಂಬುದು ಮರೆತುಹೋಯಿತು, ಕೊಟ್ಟವನು ಯಾರು ಎಂಬುದು ಉಳಿಯಿತು. ನಲ್ಲಿಯ ಹತ್ತಿರ ಅವನ ಹೆಂಡತಿ ಕೊಡ ಇಟ್ಟರೆ ಉಳಿದವರು ಮಾತು ನಿಲ್ಲಿಸುತ್ತಿದ್ದರು.

ಓದಿನಕ್ಕ ಹೊರಡುವ ಮುಂಚೆ ಅಂಗಡಿಗೆ ಬಂದಳು. ಅವಳಿಗೂ ವಿಷಯ ಗೊತ್ತಿತ್ತು. ಬೇರೆ ಊರಿನಲ್ಲಿ ಬಟ್ಟೆ ಅಂಗಡಿಯೊಂದರಲ್ಲಿ ಕೆಲಸ ಸಿಕ್ಕಿದೆ ಎಂದಳು. ಚಿತ್ರದ ಒಂದು ಕಥೆಪುಸ್ತಕ ಕೊಟ್ಟಳು. ಹುಡುಗಿ ಇನ್ನೂ ದಡ ಮುಟ್ಟಿಲ್ಲ, ಬಿಟ್ಟರೆ ಕಲಿತದ್ದೂ ಹೋಗುತ್ತದೆ, ದಿನಾ ಓದಿಸಬೇಕು ಎಂದಳು.

“ನೀವು ಪಕ್ಕದಲ್ಲಿ ಕೂತ್ಕೊಳ್ಳಿ ಅಣ್ಣ. ತಪ್ಪಿದ್ರೆ ಬೆರಳನ್ನ ಮತ್ತೆ ಮೊದಲಿಗೆ ತನ್ನಿ. ಅಷ್ಟೇ.”

ಅವನು ತಲೆಯಾಡಿಸಿದ. ತಪ್ಪಿದ್ದು ತನಗೆ ಗೊತ್ತಾಗುವುದು ಹೇಗೆ ಎಂದು ಕೇಳಲಿಲ್ಲ. ಅವಳೂ ಕೆಮ್ಮುತ್ತ ಎದ್ದು ಹೋದಳು.

ಅಂದಿನಿಂದ ಸಂಜೆ ಅಂಗಡಿ ಬೇಗ ಮುಚ್ಚಿ ಬಂದು ಮಗಳ ಪಕ್ಕ ಕೂರತೊಡಗಿದ. ಅವಳು ಓದುವಳು, ಅವನು ಹೂಂಗುಟ್ಟುವನು. ಹೆಂಡತಿಗೆ ಅಲ್ಪಸ್ವಲ್ಪ ಅಕ್ಷರ ಬರುತ್ತಿತ್ತು. ಒಲೆಯ ಮುಂದಿನಿಂದ ಕೇಳುತ್ತಿದ್ದಳು. ಮೊದಮೊದಲು ಹುಡುಗಿ ತಡೆತಡೆದು ಓದಿದಳು. ಬರಬರುತ್ತ ಸಲೀಸಾಯಿತು. ಅವನಿಗೆ ಸಂತೋಷವೋ ಸಂತೋಷ. ನೋಡಿದೆಯಾ, ಓದಿನಕ್ಕ ಹೋದ್ರೂ ನಿಂತಿಲ್ಲ ಎಂದು ಹೆಂಡತಿಯ ಕಡೆ ತಿರುಗಿ ಹೇಳಿದ. ಅವಳು ತಿರುಗಿ ನೋಡಲಿಲ್ಲ. ಅಷ್ಟು ಸಲೀಸಾಗಿ ಯಾಕೆ ಬರುತ್ತದೆ ಎಂದು ಅವಳಿಗೆ ಅರ್ಥವಾಗಿತ್ತು. ಒಂದು ಮಧ್ಯಾಹ್ನ ಹಾಳೆ ತೆರೆದು ನೋಡಿದ್ದಳು. ಹುಡುಗಿ ಹೇಳುತ್ತಿದ್ದ ಕಥೆಯಲ್ಲಿ ನರಿ ಇತ್ತು, ಮದುವೆ ಇತ್ತು. ಪುಸ್ತಕದಲ್ಲಿ ಅವು ಯಾವುವೂ ಇರಲಿಲ್ಲ.

ಅವಳು ಗಂಡನಿಗೆ ಹೇಳಲಿಲ್ಲ. ಹೇಳಬೇಕಾಗಿಯೂ ಬರಲಿಲ್ಲ. ಒಂದು ಸಂಜೆ ಹುಡುಗಿ ಹಾಳೆ ತಿರುವಿದಾಗ ಎರಡು ಹಾಳೆ ಅಂಟಿಕೊಂಡು ಒಟ್ಟಿಗೇ ತಿರುಗಿದವು. ಅವಳು ನೋಡಲಿಲ್ಲ. ಅವನು ನೋಡಿದ. ನಡುವಿನ ಎರಡು ಪುಟ ಬಿಟ್ಟುಹೋಗಿತ್ತು, ಕಥೆ ಮಾತ್ರ ಒಂದು ಮಾತೂ ತಪ್ಪದೆ ಮುಂದೆ ಹೋಗುತ್ತಿತ್ತು. ಬೆರಳು ಅಕ್ಷರದ ಕೆಳಗೆ ಸುಮ್ಮನೆ ಜಾರುತ್ತಿತ್ತು.

ಅವನ ಕೈ ಆ ಬೆರಳಿನ ಹತ್ತಿರ ಹೋಯಿತು. ಮೊದಲಿಗೆ ತರಬೇಕು. ಎಲ್ಲಿಗೆ ತರುವುದು, ಮೊದಲು ಯಾವುದು, ಅವನಿಗೆ ಗೊತ್ತಿರಲಿಲ್ಲ. ಕೈ ಹಿಂದಕ್ಕೆ ತೆಗೆದುಕೊಂಡ.

“ಆಮೇಲೆ?” ಎಂದ.

ಹುಡುಗಿ ಅಪ್ಪನ ಮುಖ ನೋಡಿದಳು. ಆಮೇಲಿನದನ್ನು ಹೇಳಿದಳು.

ಮರುದಿನವೂ ಕೂತರು. ಅದರ ಮರುದಿನವೂ. ಆಮೇಲೆ ಒಂದು ಸಂಜೆ ಹುಡುಗಿ ಪುಸ್ತಕ ತರಲಿಲ್ಲ, ಅವನೂ ಕೇಳಲಿಲ್ಲ. ಮರುದಿನದಿಂದ ಅವಳು ಸಂಜೆ ಸ್ಕೂಲು ಬಿಟ್ಟ ಕೂಡಲೇ ಅಂಗಡಿಗೆ ಬಂದು, ಹಳೆ ಕುಶನ್ನಿನಿಂದ ತೆಗೆದ ಗಂಟುಗಟ್ಟಿದ ಹತ್ತಿಯನ್ನು ಬಿಡಿಸತೊಡಗಿದಳು. ಕೈ ಚುರುಕಾಗಿತ್ತು. ಬಂದ ಗಿರಾಕಿಗಳು ಹೊಗಳಿದರು. ಅವನು ಬೇಡ ಎನ್ನಲಿಲ್ಲ, ತಲೆಯೆತ್ತಿ ನೋಡಲೂ ಇಲ್ಲ. ಅವಳಿಗೆ ಕೂರಲು ಒಂದು ಸಣ್ಣ ಮಣೆ ಮಾಡಿಕೊಟ್ಟ.